ಒಂದು ಸೌಟು, ಹನ್ನೆರಡು ಚಾನೆಲ್ಲು

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಕಂಪ್ಯೂಟರ್ ನೋಡುವುದಕ್ಕಲ್ಲ, ಕೇಳುವುದಕ್ಕೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಟೈಪಿಂಗ್ ಮಷೀನುಗಳ ಪಕ್ಕ ಎರಡು ಕಂಪ್ಯೂಟರ್ ಇಟ್ಟುಕೊಂಡು ನಾನು ‘ಕಂಪ್ಯೂಟರ್ ಟೀಚರ್’ ಎಂಬ ಬಿರುದು ಗಳಿಸಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಆ ಎತ್ತರದ ಮನುಷ್ಯ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಕೆಳಗಿದ್ದ ಡಬ್ಬಿಯ ಪಕ್ಕ ಮಂಡಿಯೂರಿ ಕೂತು, ಅದಕ್ಕೆ ಕಿವಿ ಹಚ್ಚಿ, ಆಮೇಲೆ ಅಂಗೈ ಇಟ್ಟು, ಜ್ವರ ಬಂದ ಕೂಸನ್ನು ನೋಡುವ ಹಾಗೆ ನೋಡಿದರು.

“ದಮ್ಮು ಹತ್ತೈತಿ ಇದಕ್ಕ,” ಎಂದರು. “ಫ್ಯಾನು ಭಾಳ ಒದರತೈತಿ. ಇರ್ಲಿ, ಡಬ್ಬಿ ಹೊರಗಿಟ್ರಾತು. ಟೀಚರ್ರೇ, ಇದಕ್ಕ ಹಾಡು ಬರಕೊಳ್ಳಾಕ ಬರ್ತೈತೇನು?”

ಬರುತ್ತದೆ ಎಂದೆ. ನನಗೆ ಬರುತ್ತದೋ ಇಲ್ಲವೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನವೇ ಒಂದು ಕಂಪ್ಯೂಟರು ಕೌದಿ ಸುತ್ತಿಕೊಂಡು, ತಳ್ಳುಗಾಡಿಯಲ್ಲಿ ಕೂತು, ಅವರ ಮನೆಗೆ ಹೊರಟಿತು. ಹಿಂದೆ ಹಿಂದೆ ನಾನು. ಮದುಮಗಳನ್ನು ಕಳಿಸಿಕೊಡುವವಳ ಹಾಗೆ ನನಗೆ ಅಳು ನಗು ಎರಡೂ ಬರುತ್ತಿತ್ತು.

ಊರಿಗೆಲ್ಲ ಅವರು ಮೈಕ್‌ಸೆಟ್ ಸಾಬರು. ನಾನು ಚಾಚಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ, ಹೆಸರು ಹಾಕಲೇ ಎಂದು ಮೊನ್ನೆ ಕೇಳಿದ್ದಕ್ಕೆ, “ಬ್ಯಾಡವಾ, ಹೆಸರು ಹಾಕಿದ್ರ ಮಂದಿ ಹಳೇ ಮೈಕು ಎತ್ತಿಗೊಂಡು ರಿಪೇರಿಗೆ ಬರ್ತಾರ,” ಎಂದರು. ಆದ್ದರಿಂದ ಇಲ್ಲಿ ಹೆಸರಿಲ್ಲ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಹಡಗಲಿಯಿಂದ ಕಾನಹೊಸಹಳ್ಳಿಯವರೆಗೆ ಅವರು ಹಾರ್ನ್ ಕಟ್ಟದ ಬೇವಿನ ಮರ ಇರಲಿಲ್ಲ. ಮದುವೆ, ಉರುಸು, ಭಜನೆ, ನಾಟಕ, ಎಲೆಕ್ಷನ್ನು ಎಲ್ಲಕ್ಕೂ ಅವರದೇ ಮೈಕು. ಯಾವ ಊರಿನ ಪೂಜಾರಿ ಮೈಕನ್ನು ಬಾಯೊಳಗೇ ಇಟ್ಟುಕೊಂಡು ಮಂತ್ರ ಹೇಳುತ್ತಾರೆ, ಯಾವ ಊರಿನ ಅಧ್ಯಕ್ಷರು ಮಾತಿಗೆ ಮೊದಲು ಮೂರು ಸಲ ಊದುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. “ಊದೋ ಮಂದಿಗೆ ನಾ ಕಟ್ಟ ಕಡೀ ಮೈಕು ಕೊಡ್ತೀನಿ. ಊದಿ ಊದಿ ಅದು ಗಟ್ಟಿ ಆಗೇತಿ,” ಎನ್ನುತ್ತಿದ್ದರು.

ಅವರ ಆಸ್ತಿಯೆಂದರೆ ಒಂದು ಮಿಕ್ಸರು. ಹನ್ನೆರಡು ಮೈಕುಗಳ ದನಿಯನ್ನು ಒಂದೆಡೆ ಕೂಡಿಸಿ, ಯಾವುದು ಎಷ್ಟು ಬೇಕೋ ಅಷ್ಟು ಬೆರೆಸುವ ಹಳೆಯ ಕಾಲದ ದೊಡ್ಡ ಹಲಗೆ ಅದು. ಮೈತುಂಬ ತಿರುಗುವ ಗುಂಡಿಗಳು, ಮೇಲೆ ಕೆಳಗೆ ಸರಿಯುವ ಗುಂಡಿಗಳು, ನೆತ್ತಿಯ ಮೇಲೆ ಮುಳ್ಳು ಅಲ್ಲಾಡುವ ಎರಡು ಮೀಟರು. ನಾಟಕ ಕಂಪನಿಯೊಂದು ಡೇರೆ ಮಡಚುವಾಗ ಕೊಂಡದ್ದು. ಹನ್ನೆರಡು ಚಾನೆಲ್ಲಿಗೂ ಒಂದೊಂದು ಸ್ವಭಾವ. ಮೂರನೆಯದು ಮುಂಗೋಪಿ, ಮುಟ್ಟಿದರೆ ಕರ್ರ್ ಅನ್ನುತ್ತದೆ. ಏಳನೆಯದು ಮೌನವ್ರತ. ಹತ್ತನೆಯದು ಬೆಳಗ್ಗೆ ಹತ್ತರ ಮೇಲೆ ಏಳುತ್ತದೆ. ಐದನೆಯದು ಮಾತ್ರ ಮನೆಯ ಹಿರಿಮಗ, ಹೇಳಿದ ಮಾತು ಮೀರುವುದಿಲ್ಲ. ಗುರುತಿಗೆಂದು ಚಾಚಿ ಅವುಗಳಿಗೆಲ್ಲ ಉಗುರುಬಣ್ಣ ಹಚ್ಚಿದ್ದಳು. ಒಳ್ಳೆಯವಕ್ಕೆ ಕೆಂಪು, ತಂಟೆಕೋರರಿಗೆ ಕಂದು.

ಅವರ ಮನೆಯ ನಡುಕೋಣೆಯೇ ಸ್ಟುಡಿಯೋ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ಗೋಣಿಚೀಲಗಳಿಗೆ ಶೇಂಗಾ ಹೊಟ್ಟು ತುಂಬಿ, ನಾಲ್ಕೂ ಗೋಡೆಗೆ ನೇತುಹಾಕಿದ್ದರು. ಹೊಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಉಳಿದಿರುತ್ತಿದ್ದರಿಂದ ಇಲಿಗಳಿಗೂ ಅದು ಮೆಚ್ಚಿನ ಸ್ಟುಡಿಯೋ ಆಗಿತ್ತು. ಹಾಡುವವರಿಗೆ ಅಲ್ಲಿ ಮಂಡಕ್ಕಿ ಮೆಣಸಿನಕಾಯಿ ನಿಷಿದ್ಧ. ಹೊಸಹಳ್ಳಿಯ ಭಜನೆಯವರ ಒಂದು ಕ್ಯಾಸೆಟ್ಟಿನಲ್ಲಿ ಹಾಡಿನುದ್ದಕ್ಕೂ ತಾಳದ ಜೊತೆ ಕರುಂ ಕುರುಂ ಕೇಳಿಸಿದ ಮೇಲೆ ಮಾಡಿದ ಕಾನೂನು ಅದು.

ಮಿಕ್ಸರಿನಿಂದ ಕಂಪ್ಯೂಟರಿಗೆ ಅವರೇ ಬೆಸುಗೆ ಹಾಕಿದ ಒಂದು ವೈರು. ಮೈಕುಗಳೆಲ್ಲ ಮಿಕ್ಸರಿಗೆ, ಮಿಕ್ಸರು ಕಂಪ್ಯೂಟರಿಗೆ. ಬೇಯಿಸುವುದು ಇದು, ಡಬ್ಬಿಗೆ ತುಂಬಿಡುವುದು ಅದು ಎಂಬುದು ಚಾಚಾ ಹಾಕಿಕೊಟ್ಟ ಸಂಸಾರಸೂತ್ರ. ಮೊದಲ ದಿನ ಪರದೆಯ ಮೇಲೆ ದನಿ ಗೆರೆಗೆರೆಯಾಗಿ ಏರಿಳಿಯುತ್ತ ಹೋದದ್ದನ್ನು ಕಂಡು ಅವರು ಕುರ್ಚಿಯಿಂದ ಎದ್ದೇ ನಿಂತರು. “ದನಿ ಕಾಣ್ತೈತಲ್ಲೋ!” ಎಂದು ಕೂಗಿ, ಒಲೆಯ ಮುಂದಿದ್ದ ಚಾಚಿಯನ್ನು ಕೈಹಿಡಿದು ಎಳೆತಂದರು. ವಾರದೊಳಗೆ ಆ ಗೆರೆಗಳನ್ನು ಓದುವುದನ್ನು ಕಲಿತುಬಿಟ್ಟರು. “ಇದು ಕೆಮ್ಮು. ಇದು ಬಳಿ ಸಪ್ಪಳ. ಇದು ನೀವು ಸೀನಿದ್ದು ಟೀಚರ್ರೇ, ಎಷ್ಟು ದೊಡ್ಡ ಗುಡ್ಡ ನೋಡ್ರಿ.”

ಮಾಡಿದ ತಪ್ಪನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿಯನ್ನು ತೋರಿಸಿದ ದಿನವಂತೂ ಅವರಿಗೆ ಊಟ ಸೇರಲಿಲ್ಲ. ಬೇಕೆಂದೇ ತಪ್ಪು ಮಾಡುವುದು, ಹಿಂದಕ್ಕೆ ಹೋಗುವುದು, ಮತ್ತೆ ಮಾಡುವುದು.

“ಹಿಂದಕ್ಕ ಹೋಕ್ಕೈತಿ! ಮಾಡಿದ್ದು ಮಾಡೇ ಇಲ್ಲ ಅನ್ನೂ ಹಂಗ!”

“ಮದಿವಿಗೂ ಐತೇನು ಆ ಗುಂಡಿ?” ಎಂದು ಅಡುಗೆಮನೆಯಿಂದ ಚಾಚಿಯ ದನಿ ಬಂತು.

“ಐತಿ, ಒತ್ತಿ ಒತ್ತಿ ಸವದೈತಿ,” ಎಂದರು ಚಾಚಾ. ಒಳಗಿನಿಂದ ಒಂದು ಬೆಳ್ಳುಳ್ಳಿ ಗಡ್ಡೆ ಹಾರಿಬಂದು ಐದನೆಯ ಚಾನೆಲ್ಲಿನ ಮೇಲೆ ಬಿತ್ತು.

ಆ ಮನೆಯಲ್ಲಿ ನನಗೆ ಅರ್ಥವಾಗದೇ ಉಳಿದದ್ದು ಒಂದೇ ಒಂದು, ಚಾಚಿಯ ಸೌಟು. ನಡುಕೋಣೆಗೂ ಅಡುಗೆಮನೆಗೂ ನಡುವೆ ಒಂದು ಪುಟ್ಟ ಬೆಳಕಿಂಡಿ. ರೆಕಾರ್ಡಿಂಗಿಗೆ ಮೊದಲು ಚಾಚಾ ಸ್ಪೀಕರಿನ ಮೇಲೆ ಬೆರಳಿಟ್ಟು, ಕಣ್ಣನ್ನು ಮೀಟರಿನ ಮುಳ್ಳಿನ ಮೇಲೆ ನೆಟ್ಟು ಕಾಯುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಕಿಂಡಿಯ ಆಚೆಯಿಂದ ಹಿತ್ತಾಳೆ ಪಾತ್ರೆಗೆ ಸೌಟು ಬಡಿದ ಸದ್ದು ಬರುತ್ತಿತ್ತು. ಒಮ್ಮೊಮ್ಮೆ ಒಂದು ಟಣ್, ಒಮ್ಮೊಮ್ಮೆ ಎರಡು. ಒಂದಾದರೆ ಕೆಲಸ ಶುರು. ಎರಡಾದರೆ ಚಾಚಾ ಯಾವುದೋ ವೈರು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಸಾರಿಗೂ ರೆಕಾರ್ಡಿಂಗಿಗೂ ಒಂದೇ ಹೊತ್ತಿಗೆ ಕುದಿ ಬರುತ್ತದಲ್ಲ ಎಂದು ನಾನು ಆಶ್ಚರ್ಯಪಟ್ಟಿದ್ದೆ. ಕಂಪ್ಯೂಟರ್ ಕಲಿಸುವವರ ಬುದ್ಧಿ ಅಷ್ಟೇ.

ಗುಟ್ಟು ರಟ್ಟಾದದ್ದು ಒಂದು ಮಧ್ಯಾಹ್ನ. ಚಾಚಾ ಮಿಕ್ಸರಿನ ಮೇಲೆ ಬಾಗಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. “ಥೂ ಇದರ! ಇನ್ನೂ ಗುಂಯ್ ಅನ್ನಾಕತ್ತೈತಿ. ಟೀಚರ್ರೇ, ಆ ವೈರು ಒಂದೀಟು ಅಲಗಾಡಸ್ರಿ.”

ನಾನು ಅಲುಗಾಡಲಿಲ್ಲ. ಫ್ಯಾನು ನಿಂತಿತ್ತು. ನನ್ನ ಪರದೆ ಕಪ್ಪಾಗಿತ್ತು.

“ಚಾಚಾ, ಕರೆಂಟ್ ಹೋಗೇತಿ.”

ಅವರು ಫ್ಯಾನು ನೋಡಿದರು. ಮೀಟರಿನ ಮುಳ್ಳು ನೋಡಿದರು. ಅದು ಹಾಸಿಗೆ ಹಿಡಿದಂತೆ ಎಡಕ್ಕೆ ಮಲಗಿತ್ತು. ಆಮೇಲೆ ನನ್ನ ಮುಖ ನೋಡಿ, ಭುಜ ಕುಣಿಸುತ್ತ ನಗತೊಡಗಿದರು.

“ಹಂಗಾರ ಈ ಗುಂಯ್ ನಂದು.”

ಮೂವತ್ತು ವರ್ಷ ಹಾರ್ನುಗಳ ಬುಡದಲ್ಲಿ ನಿಂತ ಕಿವಿಗಳವು. ಹಗಲೂ ರಾತ್ರಿ ಅವುಗಳೊಳಗೆ ಒಂದು ದುಂಬಿ ಹಾಡುತ್ತಲೇ ಇರುತ್ತದಂತೆ. ದನಿ ಕೇಳುತ್ತದೆ, ಹಾಡು ಕೇಳುತ್ತದೆ. ಆದರೆ ಹಾಡಿನ ಹಿಂದೆ ಗುಂಯ್ ಅನ್ನುವುದು ವೈರಿನಲ್ಲಿದೆಯೋ ತನ್ನ ಕಿವಿಯಲ್ಲಿದೆಯೋ ತಿಳಿಯುವುದಿಲ್ಲ. ಅದಕ್ಕೇ ಚಾಚಿಯ ಸೌಟು. ಸ್ವಚ್ಛವಿದ್ದರೆ ಒಂದು, ಗುಂಯ್ ಇದ್ದರೆ ಎರಡು. ಅದಕ್ಕೇ ಮುಳ್ಳು, ಅದಕ್ಕೇ ಬೆರಳು. ಗುಂಡಿ ಸರಿಸುವ ಕೈಗೆ ಗೊತ್ತಿದ್ದದ್ದು ಮೌಸ್ ಹಿಡಿದ ಕೈಗೆ ಗೊತ್ತಾಗುವುದಿಲ್ಲ. ಅವರು ಆ ಹಳೇ ಹಲಗೆಯನ್ನು ಯಾಕೆ ಬಿಡಲಿಲ್ಲ, ದನಿ ಕಣ್ಣಿಗೆ ಕಂಡ ದಿನ ಯಾಕೆ ಹಾಗೆ ಕೂಗಿದರು ಎಂಬುದು ನನಗೆ ಆಗ ಅರ್ಥವಾಯಿತು.  ಅವರು ಮಾತ್ರ ನಗುತ್ತಲೇ ಇದ್ದರು.

“ಯಾರ ಮುಂದೂ ಅನಬ್ಯಾಡ ಯವ್ವಾ. ಮೈಕಿನವನಿಗೆ ಕಿವಿ ಇಲ್ಲ ಅಂದ್ರ ಕುಂಟ ಕುಣ್ಯಾಕ ಹೋದಂಗ ಆಕ್ಕೈತಿ. ಮತ್ಯಾರೂ ಕರ್ಯಾಂಗಿಲ್ಲ.” ತಮಾಷೆಗೆ ಟೀಚರ್ರೇ ಅನ್ನುತ್ತಿದ್ದವರು ನಿಜದ ಮಾತಿಗೆ ಯವ್ವಾ ಅನ್ನುತ್ತಿದ್ದರು.

ನಾನು ಅನ್ನಲಿಲ್ಲ. ಆದರೆ ಇಂಥ ಮಾತಿಗೆ ಕಾಲು ತಾವಾಗಿಯೇ ಬರುತ್ತವೆ. ಹಗರಿಬೊಮ್ಮನಹಳ್ಳಿಯಲ್ಲಿ ಕ್ಯಾಸೆಟ್ ಅಂಗಡಿಯ ಮಾಲೀಕರೊಬ್ಬರಿದ್ದರು. ಕೋಗಳಿಯ ಹಾಲಮ್ಮಜ್ಜಿ ಮತ್ತು ಅವಳ ಸಂಗಡಿಗರ ಸೋಬಾನೆ ಪದಗಳ ಸಿ.ಡಿ. ಮಾಡಿಸಬೇಕೆಂದು ಅವರು ಹೊರಟಿದ್ದರು. ಚಾಚಾನ ಹತ್ತಿರ ಬಂದು ಹೇಳಿದ್ದು ಇಷ್ಟು: “ಹುಬ್ಬಳ್ಳ್ಯಾಗ ಮಿಕ್ಸರ್ ಪಿಕ್ಸರ್ ಏನಿಲ್ರಿ ಸಾಬ್ರೆ, ಎಲ್ಲಾ ಕಂಪ್ಯೂಟರ್. ನಿಮ್ಮ ಕಿವಿ ಮಂದ ಆಗ್ಯಾವಂತ ಮಂದಿ ಅಂತಾರ. ನಾ ಎದುರಿಗೆ ಕುಂತು ಕೇಳ್ತೀನಿ. ಬರೋಬ್ಬರಿ ಇದ್ರ ನಿಮಗ ಎಲ್ಲಾ ಕೆಲಸ. ಇಲ್ಲಾಂದ್ರ ಮಂದಿ ಅನ್ನೋದು ಖರೆ ಅಂತೀನಿ.” ಅವರ ಅಂಗಡಿಯ ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಹಡಗಲಿ ಮುಟ್ಟುತ್ತಿತ್ತು. ಚಾಚಾನ ಮೂವತ್ತು ವರ್ಷ ಆ ಒಂದು ದಿನದ ಮೇಲೆ ಬಂದು ಕೂತಿತು.

ನಾನು ನನ್ನ ಕಡೆಯಿಂದ ಒಂದು ಉಪಕಾರ ಮಾಡಿದೆ. ಈ ಕಥೆಯಲ್ಲಿ ನಡೆದ ದೊಡ್ಡ ಅನಾಹುತ ಅದೇ. ಅಲ್ಲಿಯವರೆಗೆ ಆ ಕಂಪ್ಯೂಟರಿಗೆ ನೆಲಕ್ಕಿಳಿಸುವ ವೈರು, ಅಂದರೆ ಅರ್ತಿಂಗ್, ಇರಲಿಲ್ಲ. ಡಬ್ಬಿ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಕಂಪ್ಯೂಟರಿಗೆ ತನ್ನದೇ ಅರ್ತಿಂಗ್ ಬೇಕು ಎಂದು ಎಲ್ಲೋ ಓದಿದ್ದೆ. ರೆಕಾರ್ಡಿಂಗಿನ ಹಿಂದಿನ ದಿನ, ಚಾಚಾ ಮನೆಯಲ್ಲಿಲ್ಲದಾಗ, ವೈರಿಂಗಿನವನನ್ನು ಕರೆಸಿ, ಮನೆಯ ಮುಂದೆ ಬೇರೆಯೇ ಗುಂಡಿ ತೋಡಿಸಿ, ಠೀವಿಯಿಂದ ಕಂಪ್ಯೂಟರಿಗೆ ಅರ್ತಿಂಗ್ ಕೊಡಿಸಿದೆ. ಮಿಕ್ಸರಿನದು ಹಿತ್ತಲಲ್ಲಿತ್ತು. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ಚಾಚಾ ದಿನಾ ಬೆಳಗ್ಗೆ ಚಹಾಕ್ಕಿಂತ ಮೊದಲು ಒಂದು ಕೊಡ ನೀರು ಹಾಕುತ್ತಿದ್ದರು. ನಮ್ಮ ಕಡೆಯ ನೆಲ ಒಣನೆಲ. ಗುಂಡಿ ಒಣಗಿದರೆ ಸ್ಪೀಕರು ಗುಂಯ್ಗುಡುತ್ತದೆ, ನೀರು ಹಾಕಿದರೆ ಬಾಯಿ ಮುಚ್ಚುತ್ತದೆ ಎಂಬುದು ಅವರ ಅನುಭವ.

ರೆಕಾರ್ಡಿಂಗಿನ ದಿನ ಕೋಗಳಿಯಿಂದ ಹನ್ನೊಂದು ಮಂದಿ ಹೆಂಗಸರು ಬಂದಿಳಿದರು. ಹಾಡುವವರು ಐದು, ಹಾಡುವವರನ್ನು ನೋಡಲು ಬಂದವರು ಆರು. ಆ ಆರೂ ಮಂದಿ ಸುಮ್ಮನೆ ಕೂರಲಾರದೆ ಚಾಚಿಯ ಅಡುಗೆಮನೆಗೆ ನುಗ್ಗಿ ಜೋಳದ ರೊಟ್ಟಿ ತಟ್ಟಲು ಕೂತರು. ಹಾಲಮ್ಮಜ್ಜಿ ಮೈಕಿನ ಮುಂದೆ ಎಲೆಯಡಿಕೆ ಜಗಿಯುತ್ತ ಕೂತಳು. ಮಾಲೀಕರು ಹೆಡ್‌ಫೋನ್ ಏರಿಸಿದರು. ಚಾಚಾ ಮಿಕ್ಸರ್ ಹಚ್ಚಿದರು, ನಾನು ಕಂಪ್ಯೂಟರ್ ಹಚ್ಚಿದೆ.

ಗುಂಯ್ಯ್ಯ್.

ಯಾರ ಕಿವಿಯೊಳಗಿನದೂ ಅಲ್ಲ, ಇಡೀ ಕೋಣೆಯದು. ಕಿಂಡಿಯ ಆಚೆಯಿಂದ ಟಣ್ ಟಣ್ ಎಂದು ಎರಡು ಬಿತ್ತು. ಚಾಚಾ ಎದ್ದು, “ಗುಂಡಿ ಒಣಗೇತಿ, ಒಂದು ಕೊಡ ನೀರು!” ಎಂದರು. ಹಾಡುವವರಲ್ಲೇ ಒಬ್ಬಾಕೆ ಓಡಿಹೋಗಿ ಸುರಿದು ಬಂದಳು. ಗುಂಯ್ ಹೆಚ್ಚಾಯಿತು. ಇನ್ನೊಂದು ಕೊಡ. ಇನ್ನೂ ಹೆಚ್ಚಾಯಿತು. ನಾಲ್ಕು ಮಂದಿ ಸಾಲಾಗಿ ನಿಂತು ತೊಟ್ಟಿಯಿಂದ ಗುಂಡಿಗೆ ಕೊಡ ದಾಟಿಸತೊಡಗಿದರು. “ಇದ್ಯಾವ ದೇವರಬೇ, ಇಷ್ಟು ನೀರು ಕುಡಿತೈತಿ!” ಎಂದು ಹಾಲಮ್ಮಜ್ಜಿಯೂ ಎದ್ದು ಹೋದಳು. ಕೊಡ ಕೈಗೆ ಬಂದ ಮೇಲೆ ಆ ಹೆಂಗಸರು ಸುಮ್ಮನಿರುತ್ತಾರೆಯೇ? ನೀರು ತರುವ ಪದ ಎತ್ತಿಯೇಬಿಟ್ಟರು. ಅಂಥ ಹಾಡುಗಾರಿಕೆಯನ್ನು ನಾನು ಮತ್ತೆ ಕೇಳಿಲ್ಲ. ಮೈಕು ಒಳಗೆ, ಹಾಡು ಹಿತ್ತಲಲ್ಲಿ.

“ಇಲ್ಲಿ ಹಾಡಬ್ಯಾಡ್ರಬೇ, ಮೈಕಿನ ಮುಂದ ಹಾಡ್ರಿ!” ಎಂದು ಚಾಚಾ ಗುಂಡಿಗೂ ಮಿಕ್ಸರಿಗೂ ನಡುವೆ ಕಚ್ಚೆ ಕಟ್ಟಿದವರ ಹಾಗೆ ಓಡಾಡುತ್ತಿದ್ದರು. ಮಾಲೀಕರು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ಮೀಸೆಯೊಳಗೇ ನಗುತ್ತಿದ್ದರು. 

ಏಳನೆಯ ಕೊಡಕ್ಕೆ ಚಾಚಾ ನಿಂತರು. ಮೀಟರಿನ ಮುಳ್ಳನ್ನೇ ನೋಡಿದರು. ಬಾಗಿಲ ಕಡೆ ಮುಖ ಮಾಡಿ, “ಹಾಕ್ರಿ,” ಎಂದರು. ನೀರು ಬಿತ್ತು, ಮುಳ್ಳು ಕೂದಲೆಳೆಯಷ್ಟು ಮೇಲೇರಿತು. “ನಿಲ್ಸ್ರಿ.” ಮುಳ್ಳು ಅಲ್ಲೇ ನಿಂತಿತು. ಸ್ಪೀಕರಿನ ಎದೆಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಅಷ್ಟೂ ಜನರ ಕಿವಿಗೆ ಹೊಳೆಯದ್ದು ಆ ಬೆರಳಿಗೆ ಹೊಳೆಯಿತು.

“ಟೀಚರ್ರೇ, ನಿನ್ನಿ ಕಂಪ್ಯೂಟರಿಗೆ ಬ್ಯಾರೆ ಗುಂಡಿ ತೋಡಿಸೀರೇನು?”

“ತೋಡಿಸೀನಿ ಚಾಚಾ. ಓದಿದ್ದೆ…”

“ಒಂದ ಮನ್ಯಾಗ ಎರಡು ಒಲಿ ಹೂಡಿದ್ರ ಜಗಳ ಆಗದ ಇರ್ತೈತೇನು? ಇದು ಹಿತ್ತಲ ಮಣ್ಣು ಹಿಡಿದೈತಿ, ಅದು ಅಂಗಳದ ಮಣ್ಣು ಹಿಡಿದೈತಿ. ನಡುವ ನಮ್ಮ ವೈರು ಸಿಕ್ಕಾಕಿಕೊಂಡು ಒದರಾಕತ್ತೈತಿ. ನಾವು ನೀರು ಹಾಕಿದಂಗ ಇನ್ನಷ್ಟು ಒದರತೈತಿ.”

ಎಲ್ಲ ಆರಿಸಿ, ಅಂಗಳದ ವೈರು ಬಿಚ್ಚಿ, ಕಂಪ್ಯೂಟರನ್ನೂ ಹಿತ್ತಲ ಗುಂಡಿಗೇ ಕಟ್ಟಿದರು. ಮತ್ತೆ ಹಚ್ಚಿದೆವು. ನನ್ನ ಪರದೆಯ ಮೇಲಿನ ದಪ್ಪ ಗೆರೆ ನೂಲಿನಷ್ಟು ಸಣ್ಣಗಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕರು ಕೈ ಅಡ್ಡ ಹಿಡಿದರು.

“ನೀವು ಅನಬ್ಯಾಡ್ರಿ ಟೀಚರ್. ಸಾಬ್ರು ಅನ್ಲಿ.” ಹೆಡ್‌ಫೋನ್ ಒತ್ತಿ ಹಿಡಿದು ಮುಖ ಹುಳ್ಳಗೆ ಮಾಡಿದರು. “ಇನ್ನೂ ಗುಂಯ್ ಐತಲ್ರಿ ಸಾಬ್ರೆ?”

ಬೇಕೆಂದೇ ಇಟ್ಟ ಬೋನು ಅದು. ಚಾಚಾ ಮುಳ್ಳು ನೋಡಿದರು, ಮಲಗಿತ್ತು. ಬೆರಳಿಟ್ಟು ನೋಡಿದರು, ಸ್ಪೀಕರು ತಣ್ಣಗಿತ್ತು. ಆದರೆ ಅವರ ತಲೆಯೊಳಗಿನ ದುಂಬಿ ನಿಂತಿರಲಿಲ್ಲವಲ್ಲ. ಇಲ್ಲದ್ದಕ್ಕೆ ಹೌದು ಎಂದರೆ ಕಿವಿ ಹೋಗಿದೆ ಎಂದಾಗುತ್ತದೆ. ಇಲ್ಲ ಎಂದ ಮೇಲೆ ನಿಜವಾಗಿ ಇದ್ದುಬಿಟ್ಟರೆ ಮುಗಿದೇ ಹೋಯಿತು. ಅವರ ಕಣ್ಣು ಕಿಂಡಿಯ ಕಡೆ ಹೊರಳಿತು. ಅಲ್ಲಿಂದ ರೊಟ್ಟಿ ತಟ್ಟುವ ಪಟಪಟ, ಪಟಪಟ. 

ಟಣ್.

ಒಂದೇ ಒಂದು.

ಚಾಚಾನ ಮುಖ ಅರಳಿತು. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, “ಇಲ್ಲಿ ಏನೂ ಇಲ್ಲ ಮಾಲಕ್ರೆ. ಅದು ನಿಮ್ಮ ಕಿವ್ಯಾಗ ಇರ್ಬೇಕು. ಲಗೂನ ಡಾಕ್ಟರಿಗೆ ತೋರಿಸ್ರಿ, ನಮ್ಮ ಧಂಧೆದಾಗ ಕಿವಿ ಮುಖ್ಯ ನೋಡ್ರಿ!” ಎಂದರು.

ಹಾಲಮ್ಮಜ್ಜಿ ನಕ್ಕ ರಭಸಕ್ಕೆ ಎಲೆಯಡಿಕೆ ಮೈಕಿನ ಮೇಲೆ ಸಿಡಿಯಿತು. ಮಾಲೀಕರು ಒಂದು ಕ್ಷಣ ಸಿಟ್ಟಾಗಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ತಾವೂ ನಕ್ಕುಬಿಟ್ಟರು. ರೊಟ್ಟಿ ನಿಲ್ಲಿಸಿ ಅಂದು ಹನ್ನೊಂದು ಪದ ರೆಕಾರ್ಡ್ ಮಾಡಿದೆವು. ಆಮೇಲೆ ಹಗರಿಬೊಮ್ಮನಹಳ್ಳಿಯ ಆ ಕಟ್ಟೆಯಿಂದ ಸುದ್ದಿ ಹೊರಟಿತು: ಸಾಬರ ಕಿವಿ ಹಾವಿನ ಕಿವಿ ಎಂದು. ಎಂಟು ವರ್ಷ ಆ ನಡುಕೋಣೆಗೆ ಬಿಡುವಿರಲಿಲ್ಲ.

ಎಲ್ಲ ಮುಗಿದ ಮೇಲೆ ನೋಡಿದರೆ, ಪರೀಕ್ಷೆಯ ಹೊತ್ತಿನಲ್ಲಿ ಹಾಲಮ್ಮಜ್ಜಿಯ ಮೈಕು ತೆರೆದೇ ಇತ್ತು, ಕಂಪ್ಯೂಟರೂ ಬರೆದುಕೊಳ್ಳುತ್ತಲೇ ಇತ್ತು. ಮೊದಲ ಪದಕ್ಕಿಂತ ಮುಂಚೆ ರೊಟ್ಟಿಯ ಪಟಪಟ, ನಡುವೆ ಒಂದು ಟಣ್ ರೆಕಾರ್ಡ್ ಆಗಿತ್ತು. ಕತ್ತರಿಸಲು ಹೋದೆ. ಚಾಚಾ ಮೌಸಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡರು. “ಇರ್ಲಿ. ಸೋಬಾನಿ ಪದ ಅಡಿಗಿಮನೀಲಿಂದನ ಶುರುವಾಗ್ಲಿ.” ನಮ್ಮ ಮಾತು, ನಗು ಅಷ್ಟೇ ತೆಗೆದೆ; ಆ ಸಿ.ಡಿ. ಹಾಗೆಯೇ ಹೊರಬಂತು. ಬೇಕೆಂದೇ ಹಾಕಿದ ತಾಳ ಎಂದು ಜನ ಹೊಗಳಿದರು.

ಮೊನ್ನೆ ಅವರು ಮನೆಯ ಮುಂದಿನ ಸೌಂಡ್ ಸರ್ವಿಸ್ ಬೋರ್ಡು ಇಳಿಸಿದರೆಂದು ಕೇಳಿ ಕೊಟ್ಟೂರಿಗೆ ಹೋದೆ. ಮದುವೆಯಾಗಿ ಹರಪನಹಳ್ಳಿ ಸೇರಿದ ಮೇಲೆ ನಾನು ಹೋಗುವುದು ಅಪರೂಪವಾಗಿತ್ತು. ಈಗ ಅವರಿಗೆ ಕೂಗಿ ಹೇಳಿದರೂ ಅರ್ಧ ಕೇಳುತ್ತದೆ. ಮಿಕ್ಸರಿಗೆ ಚಾಚಿಯ ಹಳೆಯ ಸೀರೆ ಹೊದಿಸಿತ್ತು, ಉಗುರುಬಣ್ಣ ಮಾಸಿತ್ತು. ಆದರೂ ನನ್ನನ್ನು ಕಂಡೊಡನೆ, “ಟೀಚರ್ ಬಂದ್ರು, ಎಲ್ಲೂ ಗುಂಡಿ ತೋಡಗೊಡಬ್ಯಾಡ್ರಿ!” ಎಂದು ಮನೆ ತುಂಬ ಕೂಗಿದರು.

ಆ ಸಿ.ಡಿ. ಹಾಕಿದರು. ಸ್ಪೀಕರಿನ ಪಕ್ಕ ಕುರ್ಚಿ ಎಳೆದುಕೊಂಡು ಅದರ ಮೇಲೆ ಬೆರಳಿಟ್ಟು ಕೂತರು. ನಾನೂ ಚಾಚಿಯೂ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಪಟಪಟ ಶುರುವಾಯಿತು. ಚಾಚಿ ನನ್ನ ಕಿವಿಯ ಹತ್ತಿರ ಬಾಗಿದಳು.

“ಒಂದು ಮಾತು ಅಂತೀನಿ ಕೇಳವಾ. ಅವತ್ತು ಆ ಆರು ಮಂದಿ ರೊಟ್ಟಿ ಬಡಿಯಾಕತ್ತಿದ್ರಲ್ಲ, ನನಗ ಏನೂ ಕೇಳಿಸಿರಲಿಲ್ಲ. ಗುಂಯ್ ಐತೋ ಇಲ್ಲೋ ಆ ದೇವರಿಗೇ ಗೊತ್ತು. ಕಿಂಡ್ಯಾಗ ಇಣುಕಿದೆ. ಇವರ ಮಾರಿ ಅಷ್ಟು ಸಣ್ಣದಾಗಿದ್ದು ನಾ ಎಂದೂ ನೋಡಿರಲಿಲ್ಲ. ಏನಾಕ್ಕೈತೋ ಆಗ್ಲಿ ಅಂತ ಒಂದು ಹೊಡದೆ.”

“ಎರಡು ಹೊಡದಿದ್ರ?”

“ಇನ್ನೂ ನೀರು ಹಾಕ್ತಾ ಇರ್ತಿದ್ರು!” ಚಾಚಿ ಸೆರಗು ಬಾಯಿಗೆ ತುರುಕಿಕೊಂಡಳು. ನನಗೆ ಶೇಂಗಾ ನೆತ್ತಿಗೇರಿತು.

ಅಷ್ಟರಲ್ಲಿ ಸ್ಪೀಕರಿನಿಂದ ಟಣ್ ಎಂದು ಬಂತು. ಅದು ಚಾಚಾನ ಬೆರಳಿಗೆ ತಿಳಿಯಿತು. ಥಟ್ಟನೆ ನಮ್ಮ ಕಡೆ ತಿರುಗಿದ ಅವರ ಮುಖ ಅಂದಿನ ಹಾಗೆಯೇ ಅರಳಿತ್ತು.

“ಕೇಳಿದ್ರೇನು ಟೀಚರ್ರೇ? ನಮ್ಮಾಕಿ ಕಿವಿ ಅಂದ್ರ ಏನಂತ ತಿಳದೀರಿ! ಅಂಥಾ ಗದ್ದಲದಾಗೂ ತಪ್ಪಲಿಲ್ಲ ನೋಡ್ರಿ!”

ಚಾಚಿ ನನ್ನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡು ನಡುಗುವಂತೆ ನಗುತ್ತಿದ್ದಳು. ನಾನು ಇದ್ದಷ್ಟು ದನಿ ಒಟ್ಟುಮಾಡಿ ಕೂಗಿದೆ.

“ಹೌದು ಚಾಚಾ! ತಪ್ಪಲಿಲ್ಲ!”